ಬೆಲ್ಲ ಬಳಿದ ಕೈ

ಹೊಸಪೇಟೆಯ ಒಂದು ಸಭಾಭವನದಲ್ಲಿ ಈಚೆಗೆ ವನ್ಯಜೀವಿ ಛಾಯಾಚಿತ್ರಗಳ ಪ್ರದರ್ಶನ ನಡೆಯಿತು. ಊರಿನ ಸ್ಥಿತಿವಂತರೊಬ್ಬರು ಹೆಂಡತಿ ಮಕ್ಕಳ ಸಮೇತ ಕೀನ್ಯಾದ ಮಸಾಯಿ ಮಾರಾಕ್ಕೆ ಸಫಾರಿ ಹೋಗಿ ತೆಗೆದುಕೊಂಡು ಬಂದ ಚಿತ್ರಗಳು ಒಂದು ಗೋಡೆಗೆ. ಅವರೇ ನಮ್ಮ ದರೋಜಿ ಕರಡಿಧಾಮದಲ್ಲಿ ತೆಗೆದ ಚಿತ್ರಗಳು ಎದುರಿನ ಗೋಡೆಗೆ. ದೀಪ ಹಚ್ಚಿದರು, ಪ್ರಾರ್ಥನೆ ಹಾಡಿದರು, ಚಹಾ ಬಿಸ್ಕತ್ತು ಕೊಟ್ಟರು. ಬಾಗಿಲ ಹತ್ತಿರ ಅಭಿಪ್ರಾಯ ಬರೆಯುವ ಪುಸ್ತಕವೊಂದನ್ನು ಇಟ್ಟಿದ್ದರು. 'ಕಣ್ಣಿಗೆ ಹಬ್ಬ', 'ಅದ್ಭುತ' ಎಂದು ಮೊದಲೇ ಬಂದವರು ಬರೆದು ಹೋಗಿದ್ದರು.

ನಮ್ಮ ಜೊತೆ ಚಿಕ್ಕಪ್ಪನೂ ಇದ್ದ. ಆತ ಓದಿದವನಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಕಂಡವರು ನಾವೇ ಮೊದಲು. ಚಿಕ್ಕಪ್ಪ ಕುರಿ ಕಾದಿದ್ದಾನೆ, ಅದಿರಿನ ಲಾರಿಗೆ ಬುಟ್ಟಿ ಹೊತ್ತಿದ್ದಾನೆ, ಕೆಲಕಾಲ ದರೋಜಿಯಲ್ಲಿ ಕರಡಿ ಬರುವ ಬಂಡೆಗೆ ಬೆಲ್ಲದ ಪಾಕ ಬಳಿಯುವ ಕೂಲಿಯನ್ನೂ ಮಾಡಿದ್ದಾನೆ. ಆಫ್ರಿಕಾದ ಸಿಂಹ, ಜಿರಾಫೆಗಳ ಮುಂದೆ ಆತ ಬಹಳ ಹೊತ್ತು ನಿಲ್ಲಲಿಲ್ಲ. ಕರಡಿಯ ದೊಡ್ಡ ಚಿತ್ರದ ಮುಂದೆ ನಿಂತುಬಿಟ್ಟ.

"ಎಲಾ ಇವನ! ಇದು ನಾನು ಪಾಕ ಹಚ್ಚಿದ ಬಂಡೆ ಅಲ್ಲೇನಪಾ? ನೋಡು, ಆ ಸೀಳಿನ್ಯಾಗ ಕೈ ಹಾಕಿ ಒಳಗ ತನಕ ಬಳೀತಿದ್ದೆ. ಕೆಳಗ ಏನಂತ ಬರದಾರ, ಓದು."

'ಸ್ವಚ್ಛಂದ ಜೀವಿ' ಎಂದು ಬರೆದಿತ್ತು. ಓದಿದೆವು.

"ಸ್ವಚ್ಛಂದ ಅಂದ್ರ?"

"ತನ್ನ ಇಷ್ಟಕ್ಕ ತಾನು ಇರೋದು ಅಂತ."

ಚಿಕ್ಕಪ್ಪ ನಕ್ಕ. "ಬೆಲ್ಲದ ಇಷ್ಟಕ್ಕ ಬಂದೈತಿ ಅದು" ಅಂದ.

ಆ ಒಂದು ಮಾತು ನಮ್ಮ ತಲೆಯೊಳಗೆ ಹೊಕ್ಕು ಇನ್ನೂ ಹೊರಬಿದ್ದಿಲ್ಲ. ಕವಿತೆಯನ್ನೋ ಕಾದಂಬರಿಯನ್ನೋ ವಿಮರ್ಶೆ ಮಾಡುವುದು ನಮಗೆ ರೂಢಿ. ಛಾಯಾಚಿತ್ರವನ್ನು, ಅದರಲ್ಲೂ ಕಾಡುಮೃಗದ ಛಾಯಾಚಿತ್ರವನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಅದು ನಿಸರ್ಗ, ಅದರಲ್ಲಿ ಜಾತಿ ಎಲ್ಲಿದೆ, ವರ್ಗ ಎಲ್ಲಿದೆ ಎಂದು ಕೇಳುತ್ತಾರೆ. ಎಲ್ಲಿದೆ ಎಂದು ನೋಡೋಣ.

ಮೊದಲು ನಮ್ಮ ಭಾಷೆಯನ್ನೇ ನೋಡಿ. ಪತ್ರಿಕೆಗಳು ಬರೆಯುವುದು ಹೇಗೆ? 'ಕ್ಯಾಮೆರಾದಲ್ಲಿ ಸೆರೆ ಹಿಡಿದರು.' ಸೆರೆ ಎಂದರೆ ಬಂಧನ. ಹಿಡಿದವನ ಹೆಸರು ಚಿತ್ರದ ಕೆಳಗೆ ಇರುತ್ತದೆ, ಸೆರೆಯಾದ ಪ್ರಾಣಿಯ ಹೆಸರೂ ಇರುತ್ತದೆ. ಅದನ್ನು ತೋರಿಸಿಕೊಟ್ಟವನ, ಜೀಪು ಓಡಿಸಿದವನ, ಹೆಜ್ಜೆ ಗುರುತು ಹಿಡಿದವನ, ಬೆಲ್ಲ ಬಳಿದವನ ಹೆಸರು ಇರುವುದಿಲ್ಲ. ಇದು ಮರೆವಲ್ಲ. ಈ ಕಲಾಪ್ರಕಾರದ ನಿಯಮವೇ ಹಾಗಿದೆ. ನಿಸರ್ಗ ಛಾಯಾಚಿತ್ರದ ಸ್ಪರ್ಧೆಗಳಿಗೆಂದು ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಘಗಳು ಒಪ್ಪಿಕೊಂಡ ವ್ಯಾಖ್ಯೆಯೊಂದಿದೆ. ಅದರ ಪ್ರಕಾರ ಚಿತ್ರದಲ್ಲಿ ಮನುಷ್ಯನ ಕುರುಹು ಇರಕೂಡದು. ನಿಸರ್ಗದ ಕಥೆಗೆ ಅದು ಅನಿವಾರ್ಯವಾದಾಗ ಮಾತ್ರ ವಿನಾಯಿತಿ. ಮನುಷ್ಯನ ಕಟ್ಟಡಕ್ಕೆ ಹೊಂದಿಕೊಂಡು ಬಾಳುವ ಗೂಬೆಯೋ ಕೊಕ್ಕರೆಯೋ ಇದ್ದರೆ ಆ ಕಟ್ಟಡಕ್ಕೆ ಮಾಫಿ. ಗೂಬೆ ಕೂತ ಕೊಟ್ಟಿಗೆ ಬರಬಹುದು, ಕೊಟ್ಟಿಗೆಯ ಸಗಣಿ ಬಾಚುವವಳು ಬರಬಾರದು!

ನಮ್ಮ ಕೇರಿಯವರಿಗೆ ಈ ನಿಯಮ ಹೊಸದೇನಲ್ಲ. ದೇವರ ಪಲ್ಲಕ್ಕಿ ಬರುವಾಗ ದಾರಿ ಬಿಟ್ಟು ದೂರ ನಿಲ್ಲಬೇಕಾಗಿದ್ದವರು ನಾವು. ಪಲ್ಲಕ್ಕಿಯ ಮುಂದೆ ಬಡಿಯುವ ಹಲಗೆ ನಮ್ಮದು, ಹಲಗೆಯ ತೊಗಲು ಹದ ಮಾಡಿದವರು ನಮ್ಮವರು. ಚಿತ್ರಕ್ಕೂ ಒಂದು ಮಡಿ ಇದೆ ಎಂದು ಈ ಪ್ರದರ್ಶನದಲ್ಲಿ ತಿಳಿಯಿತು. ಅಲ್ಲಿ ಮೈಲಿಗೆಯಾಗಿರುವುದು ದುಡಿಯುವ ಮನುಷ್ಯ.

ಉದ್ದ ಲೆನ್ಸು ಈ ಮಡಿಗೆ ತಕ್ಕ ಸಾಧನ. ದೂರದ ಪ್ರಾಣಿಯನ್ನು ಹತ್ತಿರ ಎಳೆದು, ಅದರ ಹಿಂದಿರುವುದನ್ನೆಲ್ಲ ಬೆಣ್ಣೆಯಂತೆ ಕರಗಿಸಿಬಿಡುತ್ತದೆ. ದರೋಜಿಯ ಕರಡಿಯ ಹಿಂದೆ ಏನಿದೆ? ಬಾಳೆ ತೋಟ, ಕಬ್ಬಿನ ಗದ್ದೆ, ರಾತ್ರಿ ನೀರು ಹಾಯಿಸಲು ಹೋಗುವ ರೈತ, ಆಚೆಗೆ ಸಂಡೂರಿನ ಕೆಂಪು ಧೂಳು. ಚಿತ್ರದಲ್ಲಿ ಅದೆಲ್ಲ ಒಂದು ಹಸಿರು ಮಸುಕು. ದರೋಜಿ ಎಂದರೆ ನಮಗೆ ಮೊದಲು ನೆನಪಾಗುವುದು ಬುರ್ರಕಥೆಯ ಈರಮ್ಮ. ಅಕ್ಷರ ಬಾರದ, ಊರೂರು ಅಲೆಯುವ ಜನಾಂಗದ ಆ ತಾಯಿ ಮಹಾಕಾವ್ಯಗಳನ್ನೇ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದಳು; 2014ರಲ್ಲಿ ತೀರಿಕೊಂಡಳು. ಜೀಪಿನಲ್ಲಿ ಬರುವ ಪ್ರವಾಸಿಗೆ ದರೋಜಿ ಎಂದರೆ ಕರಡಿ ಮಾತ್ರ.

ತಪ್ಪು ತಿಳಿಯಬಾರದು, ನಮಗೆ ಕರಡಿಯ ಮೇಲೆ ಹಗೆ ಇಲ್ಲ. 1994ರಲ್ಲಿ ಸರಕಾರ ಬಿಳಿಕಲ್ಲು ಕಾಯ್ದಿಟ್ಟ ಅರಣ್ಯದ ಸುಮಾರು 5,587 ಹೆಕ್ಟೇರನ್ನು ಕರಡಿಗಳಿಗೆಂದು ಘೋಷಿಸಿತು. 2009ರಲ್ಲಿ ಬುಕ್ಕಸಾಗರದ ಕಾಡು ಸೇರಿ ಒಟ್ಟು 82 ಚದರ ಕಿಲೋಮೀಟರು ದಾಟಿತು. ಒಳ್ಳೆಯದೇ ಆಯಿತು. ಕವಳಿ, ಬಾರೆ, ನೇರಳೆ ತಿಂದು, ಹುತ್ತ ಒಡೆದು ಗೆದ್ದಲು ಹೀರಿ ಬದುಕುವ ಪ್ರಾಣಿ ಅದು. ಹಗಲೆಲ್ಲ ಗವಿಯಲ್ಲಿ ಮಲಗಿ ಹೊತ್ತು ಇಳಿದ ಮೇಲೆ ಹೊರಬೀಳುತ್ತದೆ. ಅಂಥದ್ದನ್ನು ಬಿಸಿಲು ಇರುವಾಗಲೇ, ಫೋಟೋಕ್ಕೆ ಬೆಳಕು ಸಾಲುವಾಗಲೇ, ವೀಕ್ಷಣಾ ಗೋಪುರದ ಎದುರಿನ ಬಂಡೆಗೆ ಕರೆತರುವುದಕ್ಕೆ ಬೆಲ್ಲದ ಪಾಕ ಬೇಕಾಯಿತು.

ಹಿಂದೆ ಖಲಂದರರು ಮೂಗುದಾರ ಹಾಕಿ ಕರಡಿ ಕುಣಿಸುತ್ತಿದ್ದರು. ಅದು ಕ್ರೌರ್ಯ, ಅನುಮಾನವಿಲ್ಲ. ಕಾಯಿದೆ ಬಿಗಿಯಾಗಿ, 2009ರ ಹೊತ್ತಿಗೆ ಕುಣಿಯುವ ಕರಡಿ ಬೀದಿಯಿಂದ ಮರೆಯಾಯಿತು. ಮೂಗುದಾರ ಮತ್ತು ಬೆಲ್ಲ ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ. ಆದರೆ ಖಲಂದರನ ಕರಡಿಯ ಪಕ್ಕದಲ್ಲಿ ಖಲಂದರ ನಿಂತಿರುತ್ತಿದ್ದ. ಅವನ ಹಸಿವು, ಅವನ ತಪ್ಪು ಎರಡೂ ಎಲ್ಲರಿಗೂ ಕಾಣುತ್ತಿದ್ದವು. ಈಗಿನ ಚಿತ್ರದಲ್ಲಿ ಕರಡಿಯನ್ನು ಕರೆದವನು ಕಾಣುವುದಿಲ್ಲ. ಕರೆದದ್ದೇ ಸುಳ್ಳು, ತಾನಾಗಿ ಬಂತು ಎನ್ನುತ್ತದೆ ಶೀರ್ಷಿಕೆ. ನಮ್ಮ ತಕರಾರು ಈ ಸುಳ್ಳಿನ ಮೇಲೆ.

ಈಗ ಎದುರಿನ ಗೋಡೆಗೆ, ಆಫ್ರಿಕಾದ ಚಿತ್ರಗಳಿಗೆ ಬರೋಣ. ಸಫಾರಿ ಎಂಬ ಮಾತು ಸ್ವಾಹಿಲಿಯದು, ಅದಕ್ಕೆ ಮೂಲ ಅರಬ್ಬಿಯ ಸಫರ್. ಹೊಸಪೇಟೆಯ ಉರ್ದು ಮಾತಾಡುವ ಗೆಳೆಯರು ಪ್ರಯಾಣಕ್ಕೆ ಸಫರ್ ಎನ್ನುತ್ತಾರಲ್ಲ, ಅದೇ. ಬರೀ ಪ್ರಯಾಣ ಎಂದಿದ್ದ ಮಾತು ಬೇಟೆಯಾದದ್ದು ಬಿಳಿಯರ ಕಾಲಕ್ಕೆ. ಅಮೆರಿಕಾದ ಅಧ್ಯಕ್ಷಗಿರಿಯಿಂದ ಇಳಿದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಪೂರ್ವ ಆಫ್ರಿಕಾಕ್ಕೆ ಸಫಾರಿ ಹೋದ. ತಂದೆ ಮಗ ಇಬ್ಬರೇ ಕೊಂದ ಪ್ರಾಣಿಗಳು 512. ಸಾಮಾನು, ಡೇರೆ, ತೊಗಲು, ಉಪ್ಪು ಎಲ್ಲವನ್ನೂ ತಲೆಯ ಮೇಲೆ ಹೊತ್ತವರು ನೂರಾರು ಕರಿಯ ಹಮಾಲರು. ಸತ್ತ ಸಿಂಹದ ಮೇಲೆ ಬಂದೂಕು ಊರಿ ನಿಂತ ದೊರೆಯನ್ನು ಜಗತ್ತೆಲ್ಲ ನೋಡಿದೆ. ಹಮಾಲರ ಹೆಸರು ಯಾರಿಗೆ ನೆನಪಿದೆ? ಬಂದೂಕು ಹೋಗಿ ಕ್ಯಾಮೆರಾ ಬಂತು. ಪ್ರಾಣಿಯ ಮಟ್ಟಿಗೆ ಇದು ದೊಡ್ಡ ಬದಲಾವಣೆ. ಹೊರುವವನ ಮಟ್ಟಿಗೆ?

ಸೆರೆಂಗೆಟಿಯ ಬಯಲು ಮಸಾಯಿ ದನಗಾಹಿಗಳ ಮೇವಿನ ನೆಲ. 1951ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. 1959ರಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿ ಎನ್‌ಗೊರೊಂಗೊರೊ ಕಡೆಗೆ ಕಳಿಸಿದರು. ಅದೇ 1959ರಲ್ಲಿ, ಸೆರೆಂಗೆಟಿ ಸಾಯಕೂಡದು ಎಂದು ಸಾರುವ ಜರ್ಮನ್ ಸಾಕ್ಷ್ಯಚಿತ್ರವೊಂದು ತೆರೆಗೆ ಬಂದು ಆಸ್ಕರ್ ಬಹುಮಾನ ಪಡೆಯಿತು. ಅದೇ ಟಾಂಜಾನಿಯಾದ ಲೊಲಿಯೊಂಡೊದಲ್ಲಿ 2022ರ ಜೂನ್‌ನಲ್ಲಿ 1,500 ಚದರ ಕಿಲೋಮೀಟರಿಗೆ ಗಡಿಕಲ್ಲು ನೆಡಲು ಬಂದಾಗ ಮಸಾಯಿಗಳು ಅಡ್ಡ ನಿಂತರು, ಪೊಲೀಸರ ಗುಂಡು ಹಾರಿತು. ಹೊಸಪೇಟೆಯ ಗೋಡೆಯ ಮೇಲೆ ಒಬ್ಬ ಮಸಾಯಿಯೂ ಇದ್ದ, ಸುಳ್ಳಲ್ಲ. ಕೆಂಪು ಬಟ್ಟೆ ಹೊದ್ದು ಸೂರ್ಯಾಸ್ತದ ಎದುರು ಒಂಟಿ ಕಾಲಲ್ಲಿ ನಿಂತಿದ್ದ. ಅವನಿಗೂ ಹೆಸರಿರಲಿಲ್ಲ. ಆನೆ, ಚಿರತೆ, ಮಸಾಯಿ: ಮೂರೂ ಒಂದೇ ಸಾಲಿನಲ್ಲಿ. ಮನುಷ್ಯ ಚಿತ್ರದೊಳಗೆ ಬರಬೇಕಾದರೆ ಪ್ರಾಣಿಯಾಗಿ ಬರಬೇಕು ಎಂದು ಇದರ ಅರ್ಥವೇ?

ಇದನ್ನು ನೋಡಿದ ಮೇಲೆ ನಮಗೆ ಹಂಪಿಯ ಮಹಾನವಮಿ ದಿಬ್ಬ ನೆನಪಾಯಿತು. ಅದು ರಾಜರ ಕಟ್ಟಡ, ಊಳಿಗಮಾನ್ಯದ ದರ್ಪಕ್ಕೆ ಕಟ್ಟಿದ್ದು, ಅದನ್ನು ಹೊಗಳುವುದು ನಮ್ಮ ಕೆಲಸವಲ್ಲ. ಆದರೂ ಅದರ ಕಲ್ಲಿನ ಸಾಲುಗಳಲ್ಲಿ ಬೇಟೆ ಇದೆ, ಜಿಂಕೆ ಇದೆ, ಆನೆ ಇದೆ. ಜೊತೆಗೆ ಬೇಟೆಗಾರನಿದ್ದಾನೆ, ಪ್ರಾಣಿಯನ್ನು ಹಿಡಿದು ನಡೆಸುವವನಿದ್ದಾನೆ. ಅನ್ನಕ್ಕಾಗಿ ಉಳಿ ಹಿಡಿದ ಕಲ್ಲುಕುಟಿಗ ಕೆಲಸದವನನ್ನು ಕಲ್ಲಿನಿಂದ ಕೆತ್ತಿ ಹಾಕಲಿಲ್ಲ. ಹಂಪಿಗೆ ಕ್ಯಾಮೆರಾ ಬಂದದ್ದು 1856ರಲ್ಲಿ, ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇಂಗ್ಲಿಷ್ ಸೇನಾಧಿಕಾರಿಯ ಕೈಯಲ್ಲಿ. ಆಗಿನ ಕಾಗದದ ನೆಗೆಟಿವ್‌ಗೆ ಬಹಳ ಹೊತ್ತು ಬೆಳಕು ಬೇಕಿತ್ತು. ಕಲ್ಲು ಅಲುಗಾಡುವುದಿಲ್ಲ, ಮೂಡಿತು. ಅಡ್ಡಾಡುವ, ದುಡಿಯುವ ಮನುಷ್ಯ ಅಂಥ ನೆಗೆಟಿವ್ ಮೇಲೆ ನಿಲ್ಲುವುದಿಲ್ಲ. ಅಂದು ಅದು ಯಂತ್ರದ ಮಿತಿ. ಇಂದು ಕಣ್ಣು ಮಿಟುಕಿಸುವುದರೊಳಗೆ ಹತ್ತು ಚಿತ್ರ ತೆಗೆಯುವ ಕ್ಯಾಮೆರಾ ಇದೆ. ಆದರೂ ದುಡಿಯುವವನು ಮೂಡುತ್ತಿಲ್ಲ. 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಸಂಸಾರ ಹೂಡಿದ್ದವರ ಗೋಡೆಗಳನ್ನು ಬುಲ್ಡೋಜರು ಕೆಡವಿದ ಮೇಲೆ ಬಜಾರಿನ ಫೋಟೋ 'ಸ್ವಚ್ಛ'ವಾಗಿ ಬರುತ್ತಿದೆ.

ಇನ್ನು ಸಂಡೂರು. ನಮ್ಮ ಸೀಮೆಗೆ ವನ್ಯಜೀವಿ ಛಾಯಾಗ್ರಹಣ ಎಂಬ ಕಲೆ ಬಂದದ್ದು ಅರಮನೆಯ ದಾರಿಯಿಂದ. ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರು ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದವರು, ದೇಶದ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರು. 1983ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಈ ಕಲೆಯನ್ನು ಕಲಿಯುವವರೆಲ್ಲ ಹೆಸರಿಸುವ ಪುಸ್ತಕ. ರೀಲು ಹಾಕುವ ಕಾಲದಲ್ಲಿ, ಒಂದೊಂದು ಚಿತ್ರಕ್ಕೂ ದಿನಗಟ್ಟಲೆ ಕಾದ ಕಣ್ಣು ಅವರದು. ಅದನ್ನು ಅಲ್ಲಗಳೆಯುವಷ್ಟು ಸಣ್ಣತನ ನಮಗೆ ಬೇಡ. ಆದರೆ ವಿಮರ್ಶೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಅದೇ ಮನೆತನದ ಮ್ಯಾಂಗನೀಸ್, ಕಬ್ಬಿಣದ ಅದಿರಿನ ಕಂಪನಿ 1954ರಿಂದ ಅದೇ ಗುಡ್ಡಗಳಲ್ಲಿ ಗಣಿ ನಡೆಸುತ್ತಿದೆ. ಅದೇ ಸಂಡೂರಿನಲ್ಲಿ 1973ರಲ್ಲಿ ಗೇಣಿದಾರರು ಉಳುವ ಭೂಮಿಗಾಗಿ ಸಮಾಜವಾದಿಗಳ ಜೊತೆ ಬೀದಿಗಿಳಿದರು. ಬಿಸಿಲು ನೆರಳು ಎಂದರೆ ಕಾಡಿನ ಬಿಸಿಲು ನೆರಳು ಮಾತ್ರವೇ? ಅದಿರು ಒಡೆಯುವವನ ನೆತ್ತಿಯ ಬಿಸಿಲಿಗೆ ಲೆನ್ಸು ತಿರುಗಿಸುವವರು ಯಾರು? ಈ ಪ್ರಶ್ನೆ ಒಬ್ಬ ವ್ಯಕ್ತಿಯ ಮೇಲಿನದಲ್ಲ, ಈ ಕಲೆಗೆ ಬೇಕಾದ ಬಿಡುವು, ಜೀಪು, ಲಕ್ಷಗಟ್ಟಲೆ ಬೆಲೆಯ ಲೆನ್ಸು ಎಲ್ಲಿಂದ ಬರುತ್ತವೆ ಎಂಬುದರ ಮೇಲಿನದು.

ಅಕ್ರಮ ಗಣಿಗಾರಿಕೆ ಮಿತಿಮೀರಿ, ಲೋಕಾಯುಕ್ತ ವರದಿ ಬಂದು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಆಮೇಲೆ ಷರತ್ತುಗಳ ಮೇಲೆ ಮತ್ತೆ ಶುರುವಾದವು. 2024ರಲ್ಲಿ ಸಂಡೂರಿನ ದೇವದಾರಿ ಗುಡ್ಡದ 401 ಹೆಕ್ಟೇರು ಕಾಡನ್ನು ಸರಕಾರಿ ಕಂಪನಿಯೊಂದಕ್ಕೆ ಗಣಿಗೆ ಕೊಡುವ ಮಾತು ಬಂತು. ಕಡಿಯಬೇಕಾದ ಮರಗಳ ಲೆಕ್ಕ ಸುಮಾರು 99 ಸಾವಿರ. ಊರವರು, ವಿದ್ಯಾರ್ಥಿಗಳು ದನಿ ಎತ್ತಿದರು, ರಾಜ್ಯದ ಅರಣ್ಯ ಮಂತ್ರಿಗಳು ಜಮೀನು ಕೊಡುವುದನ್ನು ತಡೆಹಿಡಿದರು. ಕರಡಿ ತೋಟಕ್ಕೆ ಯಾಕೆ ಬರುತ್ತದೆ ಎಂದು ಕೇಳುವವರು ಈ ಗುಡ್ಡಗಳ ಫೋಟೋ ನೋಡಬೇಕು. ಅದಕ್ಕೆ ಬಹುಮಾನ ಬರುವುದಿಲ್ಲ, ಅದರ ತುಂಬ ಮನುಷ್ಯನ ಕುರುಹೇ ಇರುತ್ತದೆ.

ಕಾನೂನಿನ ಒಂದು ಮಾತು ನಮ್ಮನ್ನು ಬಹಳ ದಿನ ಕಾಡಿತು. 1972ರ ವನ್ಯಜೀವಿ ಕಾಯಿದೆಯಲ್ಲಿ ಕರಡಿಗೆ ಶೆಡ್ಯೂಲು ಒಂದರಲ್ಲಿ ಜಾಗ. ನಮಗೆ ಸಂವಿಧಾನದ ಶೆಡ್ಯೂಲು. ಕರಡಿಯೂ ಶೆಡ್ಯೂಲು, ನಾವೂ ಶೆಡ್ಯೂಲು! ಎರಡೂ ಪಟ್ಟಿಗಳು ಬಂದದ್ದು ಒಂದೇ ಕಾರಣಕ್ಕೆ: ಬಲವಿದ್ದವರು ಇವರನ್ನು ಬದುಕಲು ಬಿಟ್ಟಿರಲಿಲ್ಲ. ಹಾಗಿದ್ದಮೇಲೆ ಇವರಿಬ್ಬರನ್ನು ಎದುರುಬದುರು ನಿಲ್ಲಿಸಿ ಜಗಳ ಹಚ್ಚುವುದು ಯಾರಿಗೆ ಲಾಭ? ಸೌದೆಗೆ ಹೋದ ನಮ್ಮ ಓಣಿಯ ಹೆಣ್ಣುಮಗಳೊಬ್ಬಳ ಮುಖವನ್ನು ಕರಡಿ ಪರಚಿತು. ಒಂದು ಕಣ್ಣು ಹೋಯಿತು. ಆಕೆ ಇವತ್ತಿಗೂ ಕರಡಿಯನ್ನು ಬೈಯುವುದಿಲ್ಲ. "ಅದೂ ಮರಿ ಕಟ್ಟಿಕೊಂಡಿತ್ತು, ನಾನೂ ಒಲಿಗೆ ಪುಳ್ಳಿ ಹುಡುಕಿಕೊಂಡು ಹೋಗಿದ್ದೆ" ಅನ್ನುತ್ತಾಳೆ. ಇಂಥ ತಿಳುವಳಿಕೆ ಆ ಗೋಡೆಯ ಯಾವ ಚಿತ್ರದಲ್ಲಿದೆ?

ಮೈಸೂರು ಸೀಮೆಯ ಕಡೆಯೂ ಇದೇ ಗಂಟು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿಕಾಡಿನೊಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಹಾಡಿಗೆ ಜೇನುಕುರುಬರು ತಾವಾಗಿ ಮರಳಿ ಗುಡಿಸಲು ಹಾಕಿದರು. ಅದೇ ವರ್ಷದ ನವೆಂಬರಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿ, ಸಫಾರಿಯ ಸಿಬ್ಬಂದಿಯನ್ನು ಹುಲಿ ಹುಡುಕಲು ಹಚ್ಚಬೇಕೆಂದು ಆದೇಶವಾಯಿತು. ಜೀಪಿನಲ್ಲಿ ಕೂತವರಿಗೆ ಹುಲಿ ತೋರಿಸುತ್ತಿದ್ದ ಕಣ್ಣುಗಳೇ ಊರನ್ನೂ ಹುಲಿಯನ್ನೂ ಉಳಿಸುವುದಕ್ಕೆ ಬೇಕಾದವು.

ಇಷ್ಟೆಲ್ಲ ಬರೆದ ನಾವು ಸಾಚಾ ಏನಲ್ಲ. ಅದನ್ನೂ ಹೇಳಿಬಿಡುವುದು ಒಳ್ಳೆಯದು. ತುಂಗಭದ್ರೆಯಲ್ಲಿ ಅಣೆಕಟ್ಟಿನ ಹತ್ತಿರದ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳ ರಕ್ಷಿತ ಪ್ರದೇಶ ಮಾಡಿದರು. ಮೊದಲ ಸಂಬಳದಲ್ಲಿ ಕೊಂಡ ಫೋನು ಹಿಡಿದು ನಾವೂ ಒಂದು ಮುಂಜಾನೆ ಕಂಪ್ಲಿಯ ಹೊಳೆದಂಡೆಗೆ ಹೋದೆವು. ಮೀನು ಹಿಡಿಯುವ ಹಿರಿಯರೊಬ್ಬರು ತಮ್ಮ ಹರಿಗೋಲಿನಲ್ಲಿ ಕೂಡಿಸಿಕೊಂಡು, ಸದ್ದು ಮಾಡದೆ ಹುಟ್ಟು ಹಾಕುತ್ತ, ಬಂಡೆಯೊಂದರ ಮಗ್ಗುಲಿಗೆ ಒಯ್ದರು. ತಮ್ಮ ಬಲೆ ಕಡಿದು ಮೀನು ಒಯ್ಯುವ ಪ್ರಾಣಿಯನ್ನು ನಮಗೆ ಪ್ರೀತಿಯಿಂದ ತೋರಿಸಿದರು. ಐದು ನೀರುನಾಯಿ. ಒಳ್ಳೆಯ ಚಿತ್ರ ಸಿಕ್ಕಿತು. ಚಿತ್ರದ ಎಡಕ್ಕೆ ಅವರ ಕೈ, ಹುಟ್ಟಿನ ತುದಿ ಬಂದಿತ್ತು. ಅಂದವಾಗಿ ಕಾಣಲೆಂದು ಅದನ್ನು ಕತ್ತರಿಸಿ ನಾಲ್ಕು ಜನಕ್ಕೆ ಕಳಿಸಿದೆವು. ದಂಡೆಗೆ ಬಂದು ಅವರಿಗೂ ತೋರಿಸಿದೆವು. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ನೀರ್ನಾಯಿ ಚಲೋ ಬಂದಾವ ತಮ್ಮಾ. ನಾ ಎಲ್ಲಿ?" ಅಂದರು.

ನಮಗೆ ಉತ್ತರ ಬರಲಿಲ್ಲ. ಅಪ್ಪ, ಅಜ್ಜ ಇಡೀ ಜನ್ಮ ಚೌಕಟ್ಟಿನ ಹೊರಗೆ ನಿಂತವರು. ನಮ್ಮ ಕೈಗೆ ಚೌಕಟ್ಟು ಬಂದ ಮೊದಲ ದಿನವೇ ನಾವು ಮಾಡಿದ್ದು ಇದು. ಹಿಂದೆ ಹರಿಗೋಲಿಗೆ ತೊಗಲು ಹೊದಿಸುತ್ತಿದ್ದರು. ಆ ತೊಗಲು ಹದ ಮಾಡುತ್ತಿದ್ದ ಕೈ ನಮ್ಮ ಮನೆತನಗಳದು. ನಾವು ಕತ್ತರಿಸಿ ಎಸೆದದ್ದು ಒಬ್ಬ ಬೆಸ್ತರ ಮುದುಕನ ಕೈಯನ್ನು ಮಾತ್ರವಲ್ಲ. ಓದಿದವರ ರುಚಿ ಎಂಬುದು ಎಷ್ಟು ಬೇಗ ಅಂಟಿಕೊಳ್ಳುತ್ತದೆ ಎಂದು ಆ ದಿನ ಅರಿವಾಯಿತು.

ಹಾಗಾದರೆ ಸಫಾರಿ ಬೇಡವೇ, ಫೋಟೋ ಬೇಡವೇ ಎಂದು ಗೆಳೆಯರು ಕೇಳುತ್ತಾರೆ. ಬೇಕು. ಕಾಡನ್ನು ನೋಡುವ ಆಸೆ ಉಳ್ಳವರ ಸ್ವತ್ತಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂತು. ಅದರಲ್ಲಿ ಹಾರುವ ಓತಿಯನ್ನು ಕಂಡವನು ಪದವೀಧರನಲ್ಲ, ಜೇನು ಹುಡುಕುವ ಹಳ್ಳಿಗ ಮಂದಣ್ಣ. ವಿಜ್ಞಾನಿ ಕರ್ವಾಲೊನ ದೊಡ್ಡತನವೆಂದರೆ ಮಂದಣ್ಣನ ಕಣ್ಣನ್ನು ಕಣ್ಣೆಂದು ಒಪ್ಪಿಕೊಂಡದ್ದು. ಕನ್ನಡ ಸಾಹಿತ್ಯಕ್ಕೆ ನಾಲ್ಕು ದಶಕದ ಹಿಂದೆಯೇ ಹೊಳೆದದ್ದು ನಮ್ಮ ಛಾಯಾಚಿತ್ರಕ್ಕೆ ಇನ್ನೂ ಹೊಳೆದಿಲ್ಲ. ಕಾಡು ತೋರಿಸಿದವನ ಹೆಸರನ್ನು ಚಿತ್ರದ ಕೆಳಗೆ ಬರೆಯಿರಿ. ಬೆಲ್ಲ ಇಟ್ಟಿದ್ದರೆ ಬೆಲ್ಲ ಇಟ್ಟದ್ದು ಎಂದು ಬರೆಯಿರಿ. ಹುಲ್ಲಿನ ಹಿಂದೆ ಗಣಿ ಇದ್ದರೆ ಒಂದು ಚಿತ್ರದಲ್ಲಾದರೂ ಗಣಿ ಇರಲಿ. ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ: ಕ್ಯಾಲೆಂಡರಿನ ಹುಲಿಯನ್ನೋ ಪತ್ರಿಕೆಯ ಕರಡಿಯನ್ನೋ ಮಕ್ಕಳ ಮುಂದಿಟ್ಟು, ಈ ಚಿತ್ರದಲ್ಲಿ ಕಾಣದೆ ಇರುವವರು ಯಾರು ಎಂದು ಪಟ್ಟಿ ಮಾಡಿಸಿ. ನಮ್ಮ ಮಕ್ಕಳು ಆ ಪಟ್ಟಿಯನ್ನು ಪಟ್ಟಣದ ಮಕ್ಕಳಿಗಿಂತ ಬೇಗ ಬರೆದು ಮುಗಿಸುತ್ತಾರೆ. ಅದರಲ್ಲಿ ಅವರ ಮನೆಯವರೇ ಇರುತ್ತಾರೆ.

ಆ ದಿನ ಪ್ರದರ್ಶನದಿಂದ ಹೊರಡುವಾಗ ಚಿಕ್ಕಪ್ಪ ಅಭಿಪ್ರಾಯದ ಪುಸ್ತಕವನ್ನು ತೋರಿಸಿ, "ನೀನು ಓದಿದಾಂವ, ಏನರ ಬರಿ" ಅಂದ. ಪೆನ್ನು ಹಿಡಿದು ನಿಂತೆವು. ಹಿಂದೆ ಜನ ಕಾಯುತ್ತಿದ್ದರು, ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಎರಡೇ ಗೆರೆ ಜಾಗ. ಬರೆಯದೆ ಬಂದೆವು. ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಪ್ಪ ಮತ್ತೆ ಕೇಳಿದ, "ಬಂಡೆ ನಾನು ಬಳದದ್ದು ಅಂತ ಬರದಿ ಇಲ್ಲೋ?"

ಈಗ ಬರೆದಿದ್ದೇವೆ.